ಕ್ಯಾಪ್ಟನ್ ದನಿ ಮಾರಾಟಕ್ಕಿದೆ

ಹೆಡ್‌ಸೆಟ್ಟಿನ ವೈರು ನನ್ನ ಕುತ್ತಿಗೆಗೆ ಬಿಗಿಯಿತು.

ಉಸಿರು... ಇಲ್ಲ!

"ಎಲ್ಲಿ ಓಡ್ತೀಯೇ ಈಗ?"

ವೈರು ಎಳೆಯುತ್ತಿದ್ದವನು ಗೇಮ್ ಪಾರ್ಲರಿನ ಬಾಗಿಲು ಕಾಯುವ ದಡಿಯ. ಹಿಂಬಾಗಿಲಿನಿಂದ ನುಗ್ಗಿದ್ದೆ. ಕುರ್ಚಿಗಳನ್ನು ಉರುಳಿಸಿಕೊಂಡು ಓಡಿದ್ದೆ. ಟಾಯ್ಲೆಟ್ ಪಕ್ಕದ ಈ ಕೋಣೆಯವರೆಗೂ ಅಟ್ಟಿಸಿಕೊಂಡು ಬಂದು ಹಿಡಿದಿದ್ದ. ಒಗೆಯದ ಸಾಕ್ಸು, ಬೆವರು ಕುಡಿದ ಸ್ಪಂಜು, ಫಿನಾಯಿಲು... ಥೂ, ಏನು ನಾತ! ಸಾಯುವುದಾದರೂ ಸ್ವಲ್ಪ ಚೊಕ್ಕ ಜಾಗದಲ್ಲಿ ಸಾಯಬಾರದೇ ಎನಿಸಿತು.

ಎದುರಿನ ಸೋಫಾದ ಮೇಲೆ ಮೈದುನ. ನನ್ನ ಮೈದುನನಲ್ಲ ಬಿಡಿ, ನನಗೆ ಕೆಲಸ ಒಪ್ಪಿಸಿದವಳ ಮೈದುನ. ಟೀವಿಯಲ್ಲಿ ಒಂದು ಅಂತರಿಕ್ಷ ನೌಕೆ ಗುಂಡಿನ ಸುರಿಮಳೆಯ ನಡುವೆ ನುಗ್ಗುತ್ತಿತ್ತು.

ಕಳವಿನ ಮಾಲು ಅದೇ!

ನಗಬೇಡಿ. ಪೊಲೀಸರು ನಕ್ಕು ವಾಪಸ್ ಕಳಿಸುವ ಕಳವುಗಳನ್ನು ಪತ್ತೆ ಹಚ್ಚುವುದೇ ನನ್ನ ಹೊಟ್ಟೆಪಾಡು.

ಆ ಹೆಂಗಸೂ ಅವಳ ಗಂಡನೂ ವರ್ಷಗಟ್ಟಲೆ ಈ ಆಟ ಆಡಿದವರು. ಅವನು ಕ್ಯಾಪ್ಟನ್, ಅವಳು ಸೆಕೆಂಡ್ ಕ್ಯಾಪ್ಟನ್. ದೂರದ ಊರುಗಳಿಂದ ಸೇರಿಕೊಂಡ ಇಬ್ಬರು ಗನ್ನರ್‌ಗಳು. ಅವಳು ಸೀಟಿನಲ್ಲಿ ಕೂತಾಗಲೆಲ್ಲ ನೌಕೆ ಗಂಡನ ದನಿಯಲ್ಲಿ, ಅವನೇ ರೆಕಾರ್ಡ್ ಮಾಡಿಟ್ಟ ಮಾತನ್ನು ಹೇಳುತ್ತಿತ್ತು. ಗಂಡ ತೀರಿಕೊಂಡ. ಅವನ ದನಿ ಎಂದು ಉಳಿದದ್ದು ಅದೊಂದೇ.

ಸಮಾಧಾನ ಹೇಳಲು ಬಂದ ಮೈದುನ ಅಣ್ಣನ ಪಾಸ್‌ವರ್ಡ್ ಎಗರಿಸಿ, ನೌಕೆಯನ್ನು ತನ್ನ ಹೆಸರಿಗೆ ಮಾಡಿಕೊಂಡ! ಅತ್ತಿಗೆಯೇ ಕೊಟ್ಟರು, ದುಃಖದಲ್ಲಿ ಈಗ ಇಲ್ಲ ಅಂತಾರೆ ಎಂದು ಗನ್ನರ್‌ಗಳಿಗೆ ಕತೆ ಕಟ್ಟಿದ. ಈಗ ನೌಕೆಗೆ ಗಿರಾಕಿ ಸಿಕ್ಕಿದ್ದ. ಗಿರಾಕಿಗೆ ಹಳೆಯ ದನಿ ಬೇಕಿರಲಿಲ್ಲ. ಒಂದು ಬಟನ್ ಒತ್ತಿದರೆ ಸಾಕು, ದನಿ ಅಳಿಸಿಹೋಗುತ್ತದೆ.

ಮೈದುನನ ಬೆರಳು ಕೈಯಲ್ಲಿದ್ದ ಕಂಟ್ರೋಲರಿನ ಆ ಬಟನ್ ಮೇಲೇ ಇತ್ತು.

ಅತ್ತಿಗೆ ತನ್ನ ಮನೆಯಿಂದಲೇ, ಗನ್ನರ್‌ಗಳ ಜೊತೆ ಇದೇ ನೌಕೆಯಲ್ಲಿ ಆಡುತ್ತಿದ್ದಳು; ಏನೇ ಆಗಲಿ ಆಟ ಬಿಟ್ಟು ಏಳಬೇಡ ಎಂದು ಅವಳಿಗೆ ಹೇಳಿ ಬಂದಿದ್ದೆ. ನನ್ನ ಕುತ್ತಿಗೆಗೆ ಸುತ್ತಿದ್ದು ಮೈದುನನ ಆಟಕ್ಕೇ ಜೋಡಿಸಿದ್ದ ಹೆಡ್‌ಸೆಟ್ಟು. ಅದರ ವೈರಿನ ಮೇಲೆ ಮೈಕಿನ ಪುಟ್ಟ ಸ್ವಿಚ್ಚು... ಕೆಂಪು ಲೈಟು. ಅಂದರೆ ಮೈಕ್ ಬಂದ್. ವೈರು ಸಡಿಲಿಸಲು ಒದ್ದಾಡುವವಳಂತೆ ಹೆಬ್ಬೆರಳಿನಿಂದ ಒತ್ತಿದೆ.

ಕೆಂಪು ಹೋಯಿತು.

"ಅತ್ತಿಗೆ ಕೊಟ್ರು ಅಂತೀಯಲ್ಲ, ಯಾವ ಬಾಯಲ್ಲೋ?" ಕೆಮ್ಮುತ್ತ ಕೇಳಿದೆ.

"ಕೊಟ್ಟಳಾ? ಅವಳಾ?" ಹಲ್ಲು ಕಿರಿದ. "ಅಣ್ಣನ ಫೋಟೋ ಹಿಡ್ಕೊಂಡು ಅಳ್ತಾ ಕೂತಿದ್ಲು. ಆ ಗ್ಯಾಪಲ್ಲಿ ಎತ್ಕೊಂಡು ಬಂದೆ."

"ಗನ್ನರ್‌ಗಳು?"

"ಆ ಕುರಿಗಳಾ! ನಾನು ಹೇಳಿದ್ದನ್ನ ನಂಬ್ಕೊಂಡು ನಂಗೇ ಸೆಲ್ಯೂಟ್ ಹೊಡೀತಾವೆ."

"ನಿಮ್ಮಣ್ಣನ ದನಿ ಕಣೋ ಅದು..."

"ಸತ್ತೋನ ದನಿ ಇಟ್ಕೊಂಡು ನೆಕ್ಕಬೇಕಾ?"



ಟೀವಿಯೊಳಗಿಂದ ಒಂದು ಗೊಗ್ಗರು ದನಿ ಎದ್ದಿತು.

"ಕ್ಯಾಪ್ಟನ್... ಕುರಿ ಮಾತಾಡ್ತಿದೀನಿ. ನಿನ್ನ ಮೈಕ್ ಆನ್ ಇದೆ."

ಮೈದುನನ ಮುಖ ಬಿಳಿಚಿಕೊಂಡಿತು. ಬೆರಳು ಬಟನ್ನಿನತ್ತ ಇಳಿಯಿತು... ಕಾಲೆತ್ತಿ ಒದ್ದೆ! ಕಂಟ್ರೋಲರ್ ಗೋಡೆಗೆ ಬಡಿದು ಬ್ಯಾಟರಿಗಳನ್ನು ಚೆಲ್ಲಿತು.

ತೆರೆಯ ಮೇಲೆ ಮತದಾನ. ಉಳಿದವರೆಲ್ಲ ಒಪ್ಪಿದರೆ ಕ್ಯಾಪ್ಟನ್ ಔಟ್, ನೌಕೆ ಸೆಕೆಂಡ್ ಕ್ಯಾಪ್ಟನ್ನಿಗೆ. ಈ ಆಟದ ನಿಯಮವೇ ಹಾಗೆ.

ಒಬ್ಬ ಗನ್ನರ್... ಇನ್ನೊಬ್ಬ... ಅತ್ತಿಗೆ.

"ತಡಿ ಅತ್ತಿಗೆ! ತಮಾಷೆಗೆ ಅಂದೆ!"

ಉತ್ತರ ಕೊಟ್ಟದ್ದು ನೌಕೆ. ಕ್ಯಾಪ್ಟನ್ ಸೀಟಿನಲ್ಲಿ ಅವಳು ಕೂತಿದ್ದಳು.

"ಬಂದ್ಯಾ ಮಹಾರಾಣಿ? ಬೆಲ್ಟ್ ಹಾಕ್ಕೋ, ಬಿದ್ದೀಯ!"

ಅವಳು ಬಿಕ್ಕಿದ್ದು ಕೋಣೆಗೆಲ್ಲ ಕೇಳಿಸಿತು. ನನ್ನ ಕುತ್ತಿಗೆಯ ವೈರು ಸಡಿಲವಾಯಿತು.

"ಈ ನೌಕೆ ನಿಂದೇ ಅಂದಿದ್ದೆಯಲ್ಲೋ ನಂಗೆ," ಎಂದ ದಡಿಯ. "ಒಡಹುಟ್ಟಿದೋನ್ನೂ ಮಾರ್ತೀಯಾ? ಥೂ!"

ಉಗಿದು ಹೊರಟೇಹೋದ.

"ಬರೀ ಒಂದು ಗೇಮ್‌ಗೆ ಇಷ್ಟೆಲ್ಲಾ..." ಮೈದುನ ಗೊಣಗಿದ.

ತೆರೆಯ ಮೇಲೆ ನೌಕೆ ದೂರ ಸಾಗಿತ್ತು. ಹೆಲ್ಮೆಟ್ ತೊಟ್ಟ ಅವನ ಗೊಂಬೆಯೊಂದೇ ಕೈಕಾಲು ಬಡಿಯುತ್ತ ಕತ್ತಲಲ್ಲಿ ತೇಲುತ್ತಿತ್ತು. ಅಂತರಿಕ್ಷದಲ್ಲಿ ಗಾಳಿ ಇಲ್ಲವಂತೆ. ಪುಣ್ಯ, ಅಲ್ಲಿ ನಾತ ಹರಡುವುದಿಲ್ಲ.

ಇಲ್ಲಿ ಕಿಟಕಿ ನಾನೇ ತೆಗೆಯಬೇಕಾಯಿತು.