ಲೆಸಿಯೆಲಿಯ ಕೆಳದನಿ

ನಮ್ಮ ನರ್ಸ್ ಲೆಸಿಯೆಲಿಗೆ ದನಿ ಇರಲಿಲ್ಲ. ಜ್ವರದಲ್ಲಿ ಉಸಿರಾಟಕ್ಕೆಂದು ಗಂಟಲಿಗೆ ಇಳಿಸಿದ್ದ ಕೊಳವೆಯ ಗಾಯ ಮಾಯುತ್ತ ಅವಳ ದನಿಪೆಟ್ಟಿಗೆಯನ್ನೇ ಬಿಗಿದಿತ್ತು. ಉಸಿರು ಕತ್ತಿನಲ್ಲಿ ಕೊರೆದ ರಂಧ್ರದಿಂದ.

ಟೊಂಗಾದ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುನ್ನ ನಾವು ನರ್ಸುಗಳು ಹಲವು ದನಿಗಳಲ್ಲಿ ಕೀರ್ತನೆ ಹಾಡುತ್ತೇವೆ. ಅಂದು ಎಲ್ಲಕ್ಕಿಂತ ತಗ್ಗಿನ ಕೆಳದನಿ ಹಾಡುತ್ತಿದ್ದ ಲೆಸಿಯೆಲಿಯೇ ಮೇಜಿನ ಮೇಲಿದ್ದಳು.

"ಹಾಡ್ರೇ," ಎಂದಳು ಹಿರಿಯಳಾದ ವೀಕಕ್ಕ. "ನಿದ್ದೇಲಿದಾಳೆ, ಶ್ರುತಿ ತಪ್ಪಿದ್ರೂ ಬೈಯಲ್ಲ."

ಉಳಿದ ನಾಲ್ವರೂ ಹಾಡಿದೆವು. ಮೂರನೆಯ ಚರಣಕ್ಕೆ ಕೆಳದನಿ ಬಂದು ಸೇರಿತು. ಲೆಸಿಯೆಲಿಯ ತುಟಿ ಮುಚ್ಚಿತ್ತು. ಅವಳ ಗಂಟಲ ಮೇಲೆ ಬೆರಳಿಟ್ಟೆ, ಒಳಗೆ ಗುಂಯ್‌ಗುಡುತ್ತಿತ್ತು. ಚರಣ ಮುಗಿಯುವವರೆಗೆ ಡಾಕ್ಟರು ತಲೆ ಬಾಗಿಸಿ ನಿಂತರು. ಆಮೇಲೆ ಕಲೆಗಟ್ಟಿದ ಮಾಂಸ ಸೀಳಿ ದಾರಿ ಅಗಲಿಸಿದರು.

ಲೆಸಿಯೆಲಿ ಈಗ ಹಾಡುತ್ತಾಳೆ. ಆ ಮೂರನೆಯ ಚರಣ ಬಂದಾಗ ಮಾತ್ರ ಅವಳೊಬ್ಬಳೇ ಹಾಡಬೇಕು. ನಮ್ಮ ಬಾಯಿಂದ ಗಾಳಿಯಷ್ಟೇ ಹೊರಡುತ್ತದೆ. ಹೋದದ್ದು ನಮ್ಮ ನಾಲ್ವರ ದನಿ, ಆ ಒಂದೇ ಚರಣದ ಮಟ್ಟಿಗೆ.