ಐದನೆಯ ಹೆಸರು

“ಮೇಡಂ, ನೀವು ಒಳಗ ಪುಸ್ತಕ ನೋಡ್ಕೋರಿ.”

ಚಂದ್ರಾಮ ಅಂದದ್ದು ಇಷ್ಟೇ. ದನಿ ಎತ್ತಿರಲಿಲ್ಲ, ಹುಬ್ಬು ಗಂಟಿಕ್ಕಿರಲಿಲ್ಲ. ಅವಳ ಮುಖವನ್ನೂ ನೋಡಿರಲಿಲ್ಲ.

ಸಿಂದಗಿಯ ಆ ಓಣಿಯಲ್ಲಿ ಹಾಳುಬಿದ್ದ ಪಂಪಿನ ಕೋಣೆಯನ್ನು ವಾಚನಾಲಯ ಮಾಡಿದವಳು ದಾನೇಶ್ವರಿ. ವಿಜಯಪುರದಲ್ಲಿ ಎಂ.ಎ. ಓದಿ, ಮುದ್ದೇಬಿಹಾಳಕ್ಕೆ ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಮನೆಮನೆ ತಿರುಗಿ ಪುಸ್ತಕ ಕೂಡಿಸಿದ್ದಳು, ಗೋಡೆಗೆ ತಾನೇ ಸುಣ್ಣ ಹಚ್ಚಿದ್ದಳು. ಆದರೆ ಉದ್ಘಾಟನೆಯ ದಿನ ಬಾಗಿಲಲ್ಲಿ ಆರತಿ ಹಿಡಿಯಲು ಐವರು ಮುತ್ತೈದೆಯರೇ ಬೇಕೆಂಬುದು ಓಣಿಯ ರೂಢಿ. ಯಾರು ಎಲ್ಲಿ ನಿಲ್ಲಬೇಕೆಂಬ ಪಟ್ಟಿ ಬರೆದವನು ಓಣಿಯ ಸಂಘದ ಕಾರ್ಯದರ್ಶಿ, ಮೋಟಾರು ರಿಪೇರಿ ಅಂಗಡಿಯ ಚಂದ್ರಾಮ. ಹೊರಗೆ ಚಪ್ಪಾಳೆ ಬಿದ್ದಾಗ ಅವಳು ಕಪಾಟಿನ ಹಿಂದೆ ನಿಂತಿದ್ದಳು.

ಗಂಡ ಸತ್ತಾಗಲೂ ಅವಳಿಗೆ ಅಳು ಬಂದಿರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಆ ದಿನ ಮೊದಲ ಸಲ ಏನೋ ಚುರುಕ್ಕೆಂದಿತು. ಸೇಡು. ಅದಾದರೂ ಜೀವಂತವಾಗಿತ್ತು.

ಮರುವರ್ಷ ಕಾರ್ಯದರ್ಶಿಯ ಕೆಲಸ ಯಾರಿಗೂ ಬೇಡವಾದಾಗ ಅವಳು ಕೈಯೆತ್ತಿದಳು. ಐತವಾರದ ಶ್ರಮದಾನದ ಪಟ್ಟಿ ಈಗ ಅವಳ ಕೈಗೆ ಬಂತು. ಮೊದಲ ವಾರ ಚಂದ್ರಾಮನ ಹೆಸರಿನ ಮುಂದೆ ‘ಗಟಾರ’ ಎಂದು ಬರೆದಳು, ಓಣಿಯ ಚರಂಡಿ ಬಳಿಯುವ ಕೆಲಸ. ಎರಡನೆಯ ವಾರವೂ ಗಟಾರ. ಮೂರನೆಯ ವಾರ, ಗಟಾರದ ಆ ಕಡೆಯ ದಂಡೆ.

ಅವನು ಪ್ರತಿ ವಾರವೂ ಬಂದ. ಎಲ್ಲರಿಗಿಂತ ಮೊದಲು ಬಂದ.

“ಮುಂದಿನ ಐತವಾರ ಏನು ಶಿಕ್ಷಾ ಐತ್ರಿ ಮೇಡಂ?” ಮೊಣಕಾಲಿನವರೆಗೆ ಕೆಸರು, ಹಣೆಯ ಮೇಲೊಂದು ಕಪ್ಪು ಗೀಟು.

“ಶಿಕ್ಷಾ ಯಾಕ್ರಿ? ಸೇವಾ.”

“ಸೇವಾ ಎಲ್ಲಾರಿಗೂ ಐತಿ. ಗಟಾರ ನನಗೊಬ್ಬಾಂವಗ ಐತಿ.”

“ನಿಮ್ಮ ಕೈಗೆ ಒಗ್ಗೈತಿ, ಅದಕ್ಕ.”

ಅವನು ನಕ್ಕ. ನಗುತ್ತಲೇ ಅವಳನ್ನು ನೇರ ನೋಡಿದ, ಹೋದ ವರ್ಷ ನೋಡದೆ ಉಳಿದದ್ದನ್ನೆಲ್ಲ ಈಗ ತುಂಬಿಕೊಡುವವನಂತೆ. ಅವಳು ಪಟ್ಟಿಯ ಕಡೆ ತಲೆ ಬಗ್ಗಿಸಿ, ಬರೆದದ್ದನ್ನೇ ಮತ್ತೊಮ್ಮೆ ಬರೆದಳು.

ನೆರೆಮನೆಯ ರಹಿಮಾಬಿ ಕಸಬರಿಗೆ ಊರಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು. “ದಾನವ್ವಾ, ಅವನ್ನ ಗಟಾರಕ್ಕ ಇಳಿಸಿ ನೀ ಯಾಕವಾ ದಂಡಿಗೆ ನಿಂತಿ? ನಿನ್ನ ಕೆಲಸ ಆ ಗಿಡಗೋಳ ಕಡೆ ಐತಲ್ಲ?”

“ಸರಿ ಮಾಡ್ತಾರೋ ಇಲ್ಲೋ ನೋಡಬೇಕಲ್ಲ ಖಾಲಾ.”

“ನೋಡವಾ, ನೋಡು. ಕಣ್ತುಂಬ ನೋಡು.”

ದಾನೇಶ್ವರಿಗೆ ತನ್ನ ಮೇಲೇ ಸಿಟ್ಟು ಬಂತು. ಸೇಡು ಹದ ತಪ್ಪುತ್ತಿತ್ತು. ಇನ್ನೂ ಹರಿತವಾದದ್ದೇ ಬೇಕಿತ್ತು.

ಅಷ್ಟರಲ್ಲಿ ಓಣಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಉದ್ಘಾಟನೆಗೆ ಮತ್ತೆ ಐವರ ಪಟ್ಟಿ. ಅವಳು ಐದು ಹೆಸರು ಬರೆದಳು. ಐವರೂ ಗಂಡನಿಲ್ಲದವರು. ನಾಲ್ವರ ಮನೆಗೆ ಹೋಗಿ ಕೂತು ಒಪ್ಪಿಸಿದಳು. ಐದನೆಯವಳನ್ನು ಮಾತ್ರ ಕೇಳಲಿಲ್ಲ. ಅವಳು ಚನ್ನವ್ವ, ಚಂದ್ರಾಮನ ತಾಯಿ. ಇಪ್ಪತ್ತು ವರ್ಷದಿಂದ ಯಾವ ಶುಭಕಾರ್ಯದಲ್ಲೂ ಅಡುಗೆಮನೆಯ ಹೊಸ್ತಿಲು ದಾಟದವಳು.

ಮೈಕಿನಲ್ಲಿ ಹೆಸರು ಕೂಗುವವನು ಈಗಲೂ ಚಂದ್ರಾಮನೇ. ವೇದಿಕೆ ಹತ್ತುವಾಗ ಮಡಿಚಿದ ಚೀಟಿ ಕೈಗಿಟ್ಟರಾಯಿತು. ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ಹೆತ್ತವಳನ್ನು ‘ನೀ ಒಳಗ ಹೋಗು’ ಎನ್ನಲಿ. ಆ ಮಾತು ಬಾಯಲ್ಲಿ ಹೇಗಿರುತ್ತದೆಂದು ರುಚಿ ನೋಡಲಿ.

ಆ ದಿನ ನಾಲ್ಕು ಹೆಸರು ಓದುವಷ್ಟರಲ್ಲಿ ಮಂದಿಯಲ್ಲಿ ಗುಜುಗುಜು ಎದ್ದಿತು. ಐದನೆಯದಕ್ಕೆ ಅವನ ದನಿ ನಿಂತಿತು. ಮೈಕಿನಲ್ಲಿ ಉಸಿರು ಮಾತ್ರ ಕೇಳಿಸಿತು. ಅವನು ತಲೆಯೆತ್ತಿ ದಾನೇಶ್ವರಿಯನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಒಂದು ವರ್ಷ ಕಾದದ್ದು ಈ ನೋಟಕ್ಕಾಗಿಯೇ.

“ಐದನೇದವರು ಚನ್ನವ್ವ. ನಮ್ಮವ್ವ,” ಎಂದ ಚಂದ್ರಾಮ. “ಇನ್ನೊಂದು ಮಾತು ಐತ್ರಿ. ಹ್ವಾದ ವರ್ಷ ವಾಚನಾಲಯ ಮಾಡಿದಾಕಿನ್ನ ಒಳಗ ಕಳಿಸಿದಾಂವ ನಾನ. ನಮ್ಮವ್ವನೂ ಒಳಗ ಕುಂತಾಳ, ಇವರೂ ಕುಂದರ್ಲಿ ಅಂದ್ಕೊಂಡೆ. ಖರೇ ಹೇಳಬೇಕಂದ್ರ ನಿಮಗೆಲ್ಲಾ ಹೆದರಿದ್ದೆ. ತಪ್ಪು ನನ್ನದು.”

ಮೈಕು ಇಟ್ಟು ಕೆಳಗಿಳಿದು, ಮೊದಲ ದಿನದ ನೀರಿಗೆಂದು ಬಂದು ಹಿಂದೆ ಗೋಡೆಗೆ ಒರಗಿ ಕೂತಿದ್ದ ತಾಯಿಯ ಕೈ ಹಿಡಿದ. “ಒಲ್ಲೆ ಬಿಡೋ,” ಎನ್ನುತ್ತ ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಆದರೂ ಎದ್ದಳು. ನಡೆದು ಬಂದು ದಾನೇಶ್ವರಿಯ ಎದುರು ನಿಂತಳು.

“ನನ್ನ ಒಂದು ಮಾತು ಕೇಳಬೇಕಿತ್ತಿಲ್ಲವಾ?” ದನಿ ಮೆಲ್ಲಗಿತ್ತು. “ಮಗನ ಮ್ಯಾಲಿನ ಸಿಟ್ಟಿಗೆ ನನ್ನ ಕಲ್ಲು ಮಾಡಿ ಒಗದಿ.”

ದಾನೇಶ್ವರಿ ಕೈಯಲ್ಲಿದ್ದ ಆರತಿಯ ತಾಟನ್ನು ಕೆಳಗಿಳಿಸಿದಳು. ಇವಳಿಗೂ ನೋಯುತ್ತದೆಂದು ಒಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. “ತಪ್ಪಾತ್ರಿ ಕಾಕಿ,” ಎಂದಳು. ಕಣ್ಣು ತುಂಬಿ ಬಂದದ್ದು ಆಮೇಲೆ ತಿಳಿಯಿತು.

“ಆತು, ತಾಟು ಕೊಡು. ಕೈ ನಡಗಾಕತ್ತಾವು, ನೀನೂ ಹಿಡಿ.”

ಇಬ್ಬರೂ ಹಿಡಿದರು.

ಆರತಿ ಮುಗಿದು ನೀರು ಬಿಟ್ಟ ಮೇಲೆ, ನಲ್ಲಿಯ ಮುಂದೆ ಕ್ಯಾನು ಹಿಡಿದ ಹೆಂಗಸರ ಸಾಲು ಬೆಳೆಯಿತು. ನೀರು ತುಂಬಿಸಲು ದಾನೇಶ್ವರಿಯೇ ನಿಂತಳು. ಚಂದ್ರಾಮ ಹತ್ತಿರ ಬಂದ.

“ಸೇಡು ತೀರಿತೇನ್ರಿ?”

“ನಿಮ್ಮ ಮ್ಯಾಲಿಂದು ತೀರಿತು. ಈಗ ನಿಮ್ಮವ್ವಗ ನಾ ತಪ್ಪುಗಾರ್ತಿ ಆಗೇನಿ.”

“ಹಂಗಾದ್ರ ಅಕಿನ್ನ ದಿನಾ ಸಮಾಧಾನ ಮಾಡಬೇಕಾಗ್ತೈತಿ.” ಅವನು ದನಿ ತಗ್ಗಿಸಿದ. “ನಮ್ಮನಿಗೆ ಬರ್ತೀರೇನು? ಅಂದ್ರ… ಕಾಯಂ.”

ಅವಳ ಕೈ ನಲ್ಲಿಯ ಮೇಲೆ ಹಾಗೇ ನಿಂತಿತು. ಜೋಮು ಬಿಡುವಾಗ ಮೈಯೆಲ್ಲ ಮುಳ್ಳಾಡುತ್ತದೆ, ಹಾಗೆ ಆಯಿತು. ಆದರೂ ಅವಳು ಸುಮ್ಮನೆ ಬಿಡುವವಳಲ್ಲ.

“ಮಂದಿಗೆ ಹೆದರಿದ್ದು ತಪ್ಪು ಅಂತ ಈಗಷ್ಟ ಅಂದ್ರಿ. ಮತ್ತ ಪಿಸುಗುಡಾಕತ್ತೀರಲ್ಲ?”

ಅವನು ಸಾಲಿನ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ. “ದಾನೇಶ್ವರಿಯವರ,” ಎಂದು ಓಣಿಯ ಕೊನೆಯ ಮನೆಗೂ ಕೇಳುವಂತೆ ಕೂಗಿದ, “ನನ್ನ ಲಗ್ನ ಆಗ್ತೀರೇನ್ರಿ?”

ಸಾಲಿನವರೆಲ್ಲ ತಿರುಗಿ ನೋಡಿದರು. ಮೊದಲು ಬಾಯಿಬಿಟ್ಟವಳು ಚನ್ನವ್ವ. “ಗಟಾರ ಬಳ್ಯಾಕ ಹೊಂಟಾಂವ ಎಣ್ಣಿ ಹಚ್ಚಿ ತಲಿ ಬಾಚ್ಕೊಂಡಾಗ ನನಗ ಗೊತ್ತಾಗಿತ್ತು!”

“ಹೂಂ ಅನ್ನವಾ ಲಗೂನ,” ಎಂದಳು ರಹಿಮಾಬಿ. “ನನ್ನ ಕ್ಯಾನು ತುಂಬಿ ಚೆಲ್ಲಾಕತ್ತೈತಿ!”

ದಾನೇಶ್ವರಿ ನಲ್ಲಿ ನಿಲ್ಲಿಸಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಪಾಳಿ ಹಚ್ಚರಿ,” ಎಂದಳು. “ಎಲ್ಲಾರ ಹಿಂದ.”

ಕೈಯಲ್ಲಿ ಕ್ಯಾನೂ ಇಲ್ಲದೆ ಅವನು ಸಾಲಿನ ತುದಿಗೆ ಹೋಗಿ ನಿಂತ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಮೊದಲ ಹತ್ತು ಕ್ಯಾನುಗಳನ್ನು ಅವಳು ಬೇಕೆಂದೇ ಸಣ್ಣ ಧಾರೆಯಲ್ಲಿ ತುಂಬಿಸಿದಳು. ಬಿಸಿಲಲ್ಲಿ ನಿಲ್ಲಲಿ. ಹನ್ನೊಂದನೆಯದಕ್ಕೆ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.