ಸಡಿಲವಾಗದ ಬೋಲ್ಟು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ನಾಡಿ ಮೇಡಂ ಎನ್ನುತ್ತಿದ್ದರು. ಯಂತ್ರದ ಮೈಗೆ ಸೆನ್ಸರ್ ಅಂಟಿಸಿ, ಅದರ ನಡುಕವನ್ನು ಪರದೆಯ ಮೇಲೆ ಓದಿ, ಒಳಗೆ ಏನು ಕೆಟ್ಟಿದೆ ಎಂದು ಹೇಳುವುದು ಅವಳ ಕೆಲಸ. ಮೂರು ತಿಂಗಳಿಗೊಮ್ಮೆ ಬರಬೇಕಾದವಳು ಈ ಬಾಯ್ಲರ್ ಮನೆಗೆ ಮಾತ್ರ ತಿಂಗಳು ತಿಂಗಳೂ ಬರುತ್ತಿದ್ದಳು. ಅಲ್ಲಿನ ದೊಡ್ಡ ಫ್ಯಾನು ತಪ್ಪದೆ ನಡುಗುತ್ತಿತ್ತು. ತಪ್ಪದೆ ಅದರ ಬುಡದ ಅದೇ ಒಂದು ಬೋಲ್ಟು ಸಡಿಲವಾಗಿರುತ್ತಿತ್ತು, ಮೇಲೆ ಸ್ಪ್ಯಾನರಿನ ಹೊಸ ಗೀರು. ಫ್ಯಾನ್ ಆಪರೇಟರ್ ಏನೂ ಅರಿಯದ ಮಗುವಿನ ಹಾಗೆ ಸೂರು ನೋಡುತ್ತಿದ್ದ.

ಅವಳೂ ಗೊತ್ತಿಲ್ಲದವಳಂತೆ ಇದ್ದುಬಿಟ್ಟಿದ್ದಳು. ನಿಜ ಹೇಳಬೇಕೆಂದರೆ, ಅವನ ಫೋನಿಗಾಗಿ ದಿನ ಎಣಿಸುತ್ತಿದ್ದವಳು ಅವಳೇ.

ಇವತ್ತು ಎತ್ತರದ ಕಿಟಕಿಯಿಂದ ಬಿಸಿಲು ಇಳಿದು, ಧೂಳೆಲ್ಲ ಹೊಂಬಣ್ಣವಾಗಿ ತೇಲುತ್ತಿತ್ತು. ಫ್ಯಾನನ್ನು ತಿರುಗಿಸುವ ಶಾಫ್ಟು ಒಂದು ಸುತ್ತು ಸುತ್ತುವಷ್ಟರಲ್ಲಿ ಎರಡು ಸಲ ನಡುಗುತ್ತಿದೆ ಎಂದು ಎಂದಿನಂತೆ ಪರದೆ ತೋರಿಸಿತು. ಅವಳು ತುಟಿಯಂಚಿನಲ್ಲೇ ನಕ್ಕಳು. ಬೋಲ್ಟಿನ ಕಡೆ ತಿರುಗಿಯೂ ನೋಡದೆ, 'ಬೋಲ್ಟ್ ಸಡಿಲ' ಎಂದು ರಿಪೋರ್ಟಿನಲ್ಲಿ ಗೀಚಿದಳು.

"ಬಿಗಿ ಮಾಡ್ಸಿ. ಮುಂದಿನ ತಿಂಗಳು ಸಿಗೋಣ," ಎಂದು ಬ್ಯಾಗನ್ನು ಹೆಗಲಿಗೇರಿಸಿದಳು.

ಅವನ ಮುಖ ಬಿಳಿಚಿಕೊಂಡಿತು. "ಮೇಡಂ, ಈ ಸಲ ನಾನು ಬೋಲ್ಟ್ ಮುಟ್ಟಿಲ್ಲ."

"ಅಂದ್ರೆ?"

"ಪ್ರತಿ ಸಲ ನಾನೇ ಸಡಿಲ ಮಾಡ್ತಿದ್ದೆ, ನೀವು ಬರ್ಲಿ ಅಂತ. ಇವತ್ತು ಎಲ್ಲಾ ಹೇಳ್ಬಿಡೋಣ ಅಂತ, ಫ್ಯಾನ್ ನಡುಗ್ತಿದೆ ಅಂತ ಸುಳ್ಳು ಹೇಳಿ ಕರೆದೆ. ಇಷ್ಟ ಆಗ್ಬಿಟ್ಟಿದ್ದೀರಿ ಮೇಡಂ. ಆದ್ರೆ ಬೋಲ್ಟ್ ಮುಟ್ಟಿಲ್ಲ, ಆಣೆಗೂ."

ಇಷ್ಟು ದಿನ ಕಾದಿದ್ದ ಮಾತು ಕಿವಿಗೆ ಬಿತ್ತು, ಆದರೆ ಅವಳು ಮತ್ತೆ ಪರದೆಯತ್ತ ತಿರುಗಿದಳು. ಬಾಗಿ ಬೋಲ್ಟು ಹಿಡಿದು ನೋಡಿದಳು. ಕಲ್ಲಿನಂತೆ ಬಿಗಿಯಾಗಿತ್ತು. ಬೋಲ್ಟು ಸಡಿಲವಾದರೂ ಶಾಫ್ಟು ಬಿರುಕು ಬಿಟ್ಟರೂ ಪರದೆಯ ಮೇಲೆ ನಡುಕ ಒಂದೇ ಥರ ಕಾಣಬಹುದು; ಹಾಗಾದರೆ ಬಿರುಕು ಬಿಟ್ಟಿರುವುದು ಶಾಫ್ಟೇ ಇರಬೇಕು. ಅದು ಮುರಿದರೆ ಮೊದಲು ಪೆಟ್ಟಿಗೆ ಸಿಗುವವನು ದಿನವಿಡೀ ಪಕ್ಕದಲ್ಲೇ ನಿಲ್ಲುವ ಇವನು.

"ನಿಲ್ಸಿ ಇದನ್ನ! ಈಗ್ಲೇ!"

ಸಂಜೆಗೆ ಶಾಫ್ಟು ಹೊರಬಂತು. ಬಿರುಕು ತೋರಿಸುವ ಕೆಂಪು ಬಣ್ಣ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದಾಗ, ಕೂದಲೆಳೆಯಂಥ ಕೆಂಪು ಗೆರೆಯೊಂದು ಅರ್ಧ ಸುತ್ತು ಮೂಡಿತು.

"ನಾನು ನೋಡ್ದೇನೇ ಹೋಗ್ಬಿಡ್ತಿದ್ದೆ," ಎಂದಳು. "ನಿಮ್ಮ ತಲೇಲಿರೋ ಸ್ಕ್ರೂನೇ ಲೂಸು. ನಂದೂ ಹಾಗೇ ಆಗಿದೆ."

ಹಳೆಯ ರಿಪೋರ್ಟನ್ನು ಹರಿದು, ತನ್ನ ತಪ್ಪನ್ನೂ ಸೇರಿಸಿ ಹೊಸದು ಬರೆದಳು. ಅವನೂ ಮ್ಯಾನೇಜರ್ ಮುಂದೆ ಎಲ್ಲ ಒಪ್ಪಿಕೊಂಡು, ಚೆನ್ನಾಗಿ ಬೈಸಿಕೊಂಡು ಬಂದ.

"ಹೊಸ ಶಾಫ್ಟ್ ಬಂದ್ರೆ ನನಗಿಲ್ಲಿ ಅಷ್ಟಾಗಿ ಕೆಲ್ಸ ಇರಲ್ಲ," ಎಂದಳು ಗೇಟಿನ ಬಳಿ.

"ಭಾನುವಾರ ನಮ್ಮನೆಗೆ ಬನ್ನಿ. ಅಕ್ಕ ನಿಮ್ಮನ್ನ ನೋಡ್ಬೇಕಂತೆ."

"ಯಾಕೆ, ಅಲ್ಲೇನು ಕೆಟ್ಟೋಗಿದೆ?"

"ಏನೂ ಇಲ್ಲ. ನೀವು ಬರ್ಬೇಕು, ಅಷ್ಟೇ."

ಅವಳು ಅವನ ಕಣ್ಣನ್ನೇ ನೋಡಿದಳು. ಈ ಸಲ ಅವನು ಸೂರಿನ ಕಡೆ ನೋಡಲಿಲ್ಲ.

"ಬೆಳಗ್ಗೇನೇ ಬರ್ಲಾ?" ಎಂದಳು.